ಅವನ ಮನೆ ಹಾಳಾಗ

ಬಚ್ಚಲಿನ ನೀರು ಹೋಗುವ ಪೈಪಿಗೆ ಮೊದಲ ಬೋಗುಣಿ ಸಿಮೆಂಟು ಸುರಿದಾಗ ಕನ್ನಡಕದಂಗಡಿಯವನಿಗೆ ಎಷ್ಟೋ ದಿನಗಳ ಮೇಲೆ ಹೊಟ್ಟೆ ತಣ್ಣಗಾಯಿತು. ಸಾಮಾನೆಲ್ಲ ಹೊರಗೆ ಲಾರಿ ಏರಿತ್ತು. ಹೆಂಡತಿ ಬಚ್ಚಲ ಬಾಗಿಲಲ್ಲಿ ನಿಂತು, ಕಂಡವರ ಮನೆಗೆ ಹೀಗೆ ಮಾಡುವುದು ಸರಿಯೇ ಎಂದು ಕೇಳಿದಳು. ಕೇಳುತ್ತಲೇ ಎರಡನೆಯ ಬೋಗುಣಿಯನ್ನು ಅವನ ಕೈಗೆ ದಾಟಿಸಿದಳು.

“ಅವನ ಮನೆ ಹಾಳಾಗ,” ಎಂದ ಅವನು, ಒಂದು ಹನಿಯೂ ಚೆಲ್ಲದಂತೆ ಸುರಿಯುತ್ತ.

ಈ ಶಾಪ ಮನೆಯ ಮಾಲೀಕರಿಗಲ್ಲ. ಅವರು ಪಾಪ, ಬೇರೆ ಊರಿನಲ್ಲಿದ್ದ ನಿವೃತ್ತ ಮೇಷ್ಟ್ರು. ಬಾಡಿಗೆ ಏರಿಸುವ ಮಾತೆತ್ತಲೂ ನಾಚುತ್ತಿದ್ದವರು. ಬೈಗುಳವೆಲ್ಲ ಅವರಿಂದ ಈ ಮನೆ ಕೊಳ್ಳುತ್ತಿದ್ದ ಯಾರೋ ಪುಣ್ಯಾತ್ಮನಿಗೆ. ಆಸಾಮಿ ಭಾರೀ ಖಡಕ್ಕಂತೆ, ಮನೆ ಪೂರ್ತಿ ಖಾಲಿಯಾಗದೆ ಉಳಿದ ಹಣ ಬಿಚ್ಚುವುದಿಲ್ಲವಂತೆ ಎಂದು ಮೇಷ್ಟ್ರು ಫೋನಿನಲ್ಲಿ ಅಳುಕುತ್ತಲೇ ಹೇಳಿದ್ದರು. ಮಗಳ ಪರೀಕ್ಷೆ ಮುಗಿಯುವವರೆಗಾದರೂ ಬಿಡಿ ಎಂದು ಹೆಂಡತಿ ಬೇಡಿಕೊಂಡಿದ್ದಳು. ಬೇಡಿಕೆ ಅತ್ತ ಹೋಯಿತು, ಆಗುವುದಿಲ್ಲ ಎಂಬ ಉತ್ತರ ಇತ್ತ ಬಂತು. ಆ ರಾತ್ರಿ ಅವಳು ಅತ್ತಳು. ಬೇರೆ ಮನೆ ಕೈಗೆಟುಕಲಿಲ್ಲ. ಇನ್ನು ಮೇಲೆ ಸಂಸಾರವೆಲ್ಲ ಅಂಗಡಿಯ ಹಿಂದಿನ ಉಗ್ರಾಣದಲ್ಲಿ; ಮಗಳು ಓದಬೇಕಾದದ್ದು ಕನ್ನಡಕದ ಫ್ರೇಮುಗಳ ಡಬ್ಬಗಳ ಮಧ್ಯೆ.

ಇಷ್ಟೆಲ್ಲದರ ನಡುವೆ ಅವನಿಗಿದ್ದ ಸಮಾಧಾನ ಒಂದೇ. ಅವನೂ ಒಂದು ಮನೆ ಕೊಳ್ಳುತ್ತಿದ್ದ.

ದಾರಿ ತೋರಿಸಿದ್ದು ಮೊಬೈಲಿನೊಳಗಿನ ಗುರು. ಟೈ ಕಟ್ಟಿಕೊಂಡು, ಬಾಡಿಗೆ ಕಾರಿಗೆ ಒರಗಿ ನಿಂತು, ಹೊಸದಾಗಿ ಆಸ್ತಿಗೆ ಕೈ ಹಾಕುವವರಿಗೆ ಪುಕ್ಕಟೆ ಬುದ್ಧಿ ಹೇಳುವವನು. ಮೊದಲ ಆಸ್ತಿಯನ್ನು ಕಣ್ಣಿಂದ ನೋಡಲೇಬೇಡಿ, ಕಣ್ಣು ಸುಮ್ಮನೆ ಪ್ರೀತಿಗೆ ಬಿದ್ದುಬಿಡುತ್ತದೆ, ಲೆಕ್ಕವನ್ನಷ್ಟೇ ನೋಡಿ ಎನ್ನುತ್ತಿದ್ದ. ಮಾರುವವನ ಎದುರು ಕೂರಬೇಡಿ, ಮುಖ ಕಂಡರೆ ಮರುಕ ಹುಟ್ಟುತ್ತದೆ. ಒಳಗೆ ಬಾಡಿಗೆಯವರಿದ್ದರೆ ಮೊದಲು ಎಬ್ಬಿಸಿ. ಈ ಉಪದೇಶವನ್ನು ಕನ್ನಡಕದವನು ಬೆಳಗ್ಗೆ ಹಲ್ಲುಜ್ಜುವಾಗ ಒಂದು ಸಲ, ಗಿರಾಕಿ ಇಲ್ಲದಾಗ ಹತ್ತು ಸಲ ಕೇಳುತ್ತಿದ್ದ. ಊರಿಗೆಲ್ಲ ದೃಷ್ಟಿ ಸರಿಮಾಡಿ ಕೊಡುವವನು ತನ್ನ ಮನೆಯನ್ನು ನೋಡದೆಯೇ ಕೊಳ್ಳಲು ನಿಂತ.

ಚಾಳೀಸು ಮಾಡಿಸಲು ಅಂಗಡಿಗೆ ಬಂದ ಬ್ರೋಕರನಿಗೆ ಇಂಥ ಗಿರಾಕಿ ಜನ್ಮದಲ್ಲಿ ಸಿಕ್ಕಿರಲಿಲ್ಲ. ಕೊಳ್ಳುವವನೂ ಮಾರುವವನೂ ಎದುರುಬದುರಾದರೆ ಕಮಿಷನ್ನಿಗೆ ಕತ್ತರಿ ಬೀಳುತ್ತದೆಂದು ಹೆದರಿ ಬದುಕುವ ಜಾತಿ ಅವನದು. ಇಲ್ಲಿ ಗಿರಾಕಿಯೇ ಮಾರುವವನ ಮುಖ ತೋರಿಸಬೇಡ ಎನ್ನುತ್ತಿದ್ದಾನೆ. ಭರ್ಜರಿ ಗಾಳಿ, ಬೆಳಕು, ಸದ್ದುಗದ್ದಲವಿಲ್ಲದ ಬೀದಿ ಎಂದು ಬಾಯಿಗೆ ಬಂದಷ್ಟು ಬಣ್ಣಿಸಿದ. ಕರಾರುಪತ್ರದಲ್ಲಿ ಮಾರುವವನ ಹೆಸರು ಮೂರು ಇನಿಷಿಯಲ್ಲುಗಳ ಹಿಂದೆ ಅಡಗಿತ್ತು. ವಿಳಾಸವೋ, ನಗರಸಭೆ ಹೋದ ವರ್ಷ ಎಲ್ಲ ಬೀದಿಗಳಿಗೂ ಹಂಚಿದ್ದ ಹೊಸ ಹೆಸರು, ಹೊಸ ನಂಬರು. ಅದನ್ನು ನಂಬಿ ಹೊರಟ ಪೋಸ್ಟಿನವನೇ ದಾರಿ ತಪ್ಪುತ್ತಿದ್ದ. ನಮ್ಮವನು ಬೆಲೆಯ ಪುಟವನ್ನಷ್ಟೇ ತಿರುವಿ ಸಹಿ ಹಾಕಿದ. ಇದ್ದಬದ್ದ ಉಳಿತಾಯವೆಲ್ಲ ಮುಂಗಡಕ್ಕೇ ಹೋಯಿತು.

ಅಡುಗೆಮನೆಯ ಸಿಂಕಿನ ಸರದಿ ಬಂದಾಗ ಹೆಂಡತಿ ಮತ್ತೆ ಬಾಯಿ ತೆರೆದಳು.

“ಅಲ್ಲಾ ರೀ, ಹೇಗೂ ಮನೆ ತಗೊಂಡಿದ್ದೀವಿ. ನಾವೇ ಹೋಗಿ ಅದ್ರಲ್ಲಿ ಇರಬಾರ್ದಾ?”

ಹೂಡಿಕೆಯ ಮನೆಯಲ್ಲಿ ವಾಸ ಮಾಡುವವನು ಉದ್ಧಾರವಾಗುವುದಿಲ್ಲ ಎಂದು ಅವನು ಗುರುವಿನ ದನಿಯಲ್ಲೇ ತಿಳಿಸಿಕೊಟ್ಟ. ಅವಳು ಮುಂದಿನ ಬೋಗುಣಿ ಕಲಸಿ ಅವನ ಕೈಗಿತ್ತಳು.

“ಅಲ್ಲೂ ಯಾರೋ ಬಾಡಿಗೆಗಿದ್ರು ಅಂದ್ರಲ್ಲ. ಅವರೂ ಹೋಗೋವಾಗ ಹೀಗೇ ಮಾಡಿದ್ರೆ?”

“ಛೆ, ಅವರು ಮರ್ಯಾದಸ್ಥರಂತೆ ಕಣೇ. ಬ್ರೋಕರ್ ವಿಚಾರಿಸಿದ್ದಾನೆ,” ಎಂದು ಅವನು ಕೊನೆಯ ಬೋಗುಣಿಯನ್ನು ಸಿಂಕಿಗೆ ಬಗ್ಗಿಸಿದ. ಉಳಿದಿದ್ದನ್ನು ಕಕ್ಕಸಿಗೂ ಸುರಿದು, ಕೈ ತೊಳೆಯಲು ನಲ್ಲಿ ತಿರುಗಿಸಿ, ನೀರು ಹೋಗಲು ಎಲ್ಲೂ ದಾರಿಯಿಲ್ಲವೆಂದು ನೆನಪಾಗಿ ತಾನೇ ನಕ್ಕ. ಬಾಗಿಲಿಗೆ ಬೀಗ ಹಾಕಿ, ಮೇಷ್ಟ್ರು ಹೇಳಿದಂತೆ ಕೀಲಿಯನ್ನು ಬೀದಿ ಕೊನೆಯ ಔಷಧಿ ಅಂಗಡಿಯಲ್ಲಿ ಕೊಟ್ಟು ಇಬ್ಬರೂ ಲಾರಿ ಹತ್ತಿದರು.

ಮರುದಿನ ಬೆಳಗ್ಗೆ ಬ್ರೋಕರ್ ಕಾರು ತಂದ. ಮನೆ ಖಾಲಿಯಾಗಿದೆ, ಕೀಲಿ ಬಂದಿದೆ, ಒಳ್ಳೆಯ ಗಳಿಗೆಯಲ್ಲಿ ನೋಡಿಬಿಡಿ ಎಂದ. ಕನ್ನಡಕದವನು ಇಸ್ತ್ರಿ ಅಂಗಿ ತೊಟ್ಟಿದ್ದ. ಉಗ್ರಾಣದಲ್ಲಿ ನಿದ್ದೆಯಿಲ್ಲದೆ ಕಣ್ಣು ಊದಿದ್ದರೂ ಹೆಂಡತಿ ಒಳ್ಳೆಯ ಸೀರೆ ಉಟ್ಟಳು. ಸ್ವಂತ ಮನೆ ಎಂಬ ಮಾತಿಗೆ ಅವಳಿಗೂ ಒಳಗೊಳಗೆ ಹಿಗ್ಗು.

ಕಾರು ದೊಡ್ಡ ರಸ್ತೆ ಬಿಟ್ಟು ಎಡಕ್ಕೆ ತಿರುಗಿತು.

“ಇದೇನು, ಈ ಕಡೆಯಿಂದ ಹತ್ತಿರವಾ?” ಎಂದು ಕೇಳಿದ ಕನ್ನಡಕದವನು.

“ತುಂಬಾ ಹತ್ತಿರ ಸರ್,” ಎಂದ ಬ್ರೋಕರ್.

ಔಷಧಿ ಅಂಗಡಿ ದಾಟಿತು. ಹೆಂಡತಿ ಗಂಡನ ತೋಳು ಹಿಡಿದುಕೊಂಡಳು. ಕಾರು ನಿಂತಿತು. ಬ್ರೋಕರ್ ಕೆಳಗಿಳಿದು, ಮದುವೆಮನೆಯ ಯಜಮಾನನಂತೆ ಬಗ್ಗಿ ಹಿಂದಿನ ಬಾಗಿಲು ತೆರೆದ.

ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ಕೇಳಿದಳು: “ಏನಮ್ಮಾ, ನಿನ್ನೆ ಹೋದೋರು ಇವತ್ತೇ ಬಂದ್ರಲ್ಲ, ಏನಾದ್ರೂ ಬಿಟ್ಟು ಹೋಗಿದ್ರಾ?”