ಗುಂಗುರು ಕೂದಲಿನ ಮರಿ

ವಾರಿಜಾ ಬಾಗಿಲು ತೆಗೆದ ಕೂಡಲೇ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಹರಿಹಾಯ್ದರು.

"ಏನ್ರೀ, ಮತ್ತೆ ಬೀದಿ ನಾಯಿ ಸೇರಿಸ್ಕೊಂಡಿದ್ದೀರಂತೆ? ಆ ಕರಿ ಹೆಣ್ಣುನಾಯಿನ ವಾಚ್‌ಮನ್ ಕೈಲಿ ಹೊಡೆಸಿ ಓಡಿಸಿದ್ದು ಮರೆತುಹೋಯ್ತಾ? ಇಲ್ಲಿ ಜಾತಿ ನಾಯಿಗಳಿಗೆ ಮಾತ್ರ ಜಾಗ."

ಅವಳ ಕಾಲಸಂದಿಯಿಂದ ಮರಿಯೊಂದು ಇಣುಕಿತು. ಮೈತುಂಬ ಗುಂಗುರು ಕೂದಲು. ಕಾರ್ಯದರ್ಶಿಯ ದನಿ ತಗ್ಗಿತು.

"ಓಹೋ, ಇದು ಡಿಸೈನರ್ ಬ್ರೀಡ್! ಅಪ್ಪ ಪೂಡಲ್ ತಾನೇ?"

"ಹೌದು."

"ನೋಡಿದ ತಕ್ಷಣ ಗೊತ್ತಾಯ್ತು. ನಮ್ಮ ಸೀಸರ್ ಕೂಡ ಪೂಡಲ್ಲೇ, ಅಪ್ಪಟ. ಇಂಥ ಮಿಶ್ರ ತಳಿ ತಗೊಳ್ಳುವಾಗ ಹುಷಾರಾಗಿರ್ಬೇಕು ಕಣ್ರೀ. ಒಂದು ಮರಿಗೆ ಅಪ್ಪನ ಕೂದಲು ಬಂದ್ರೆ ಇನ್ನೊಂದಕ್ಕೆ ಅಮ್ಮನ ಗುಣ ಬರುತ್ತೆ, ಯಾವುದಕ್ಕೂ ಗ್ಯಾರಂಟಿ ಇಲ್ಲ. ಚಂದ ಇದೆ ಅಂತ ತರೋದಲ್ಲ, ಅಪ್ಪ ಅಮ್ಮ ಎರಡನ್ನೂ ನೋಡ್ಬೇಕು. ನೋಡಿದ್ರಾ?"

"ದಿನಾ ನೋಡ್ತೀನಿ."

"ಹಾಗಾದ್ರೆ ಸರಿ. ಇಂಥ ನಾಯಿಗೆ ನಮ್ಮ ತಕರಾರೇನೂ ಇಲ್ಲ. ಅಮ್ಮ ಯಾವ ತಳಿ?"

"ನೀವು ಹೊಡೆಸಿ ಓಡಿಸಿದ್ರಲ್ಲ, ಅದೇ ಕರಿ ನಾಯಿ."

ಮರಿಯ ತಲೆ ಸವರುತ್ತಿದ್ದ ಕೈಯನ್ನು ಅವರು ಕೆಂಡ ಮುಟ್ಟಿದಂತೆ ಹಿಂದೆಗೆದರು.

"ಥೂ! ಯಾವ ದರಿದ್ರ ಪೂಡಲ್ರೀ ಅದು, ಬೀದಿ ನಾಯಿ ಹಿಂದೆ ಹೋಗಿದ್ದು?"

"ಬೆಳಬೆಳಗ್ಗೆ ನೀವು ಕಂಡವರ ಮನೆ ಮುಂದೆ ಗಲೀಜು ಮಾಡ್ಲಿ ಅಂತ ಬಿಚ್ಚಿಬಿಡ್ತೀರಲ್ಲ, ಅದೇ."

ವಾರಿಜಾ ಮರಿಯನ್ನೆತ್ತಿ ಅವರ ತೋಳಿಗೆ ಹಾಕಿದಳು.

"ಹೆಣ್ಣಿನ ಕಡೆಯವಳಾಗಿ ಬಾಣಂತನ ನಾನು ಮಾಡಿದ್ದಾಯ್ತು. ಹೆಸರಿಡೋ ಶಾಸ್ತ್ರ ಗಂಡಿನ ಕಡೆಯವರದ್ದು, ಬೀಗರೇ."