ನೀಲಿ ಲಾಟೀನಿನ ಕೊನೆಯ ಅಂಗಡಿ

ಬೆರಳಿಗಂಟಿದ ಗೋಂದನ್ನು ಸೋಪು ಹಾಕಿ ತಿಕ್ಕುತ್ತಿದ್ದಾಗ ಬಾಗಿಲ ಗಂಟೆ ಸದ್ದಾಯಿತು. ಆಕೆ ಅವಸರದಲ್ಲಿ ಕೈ ಒರೆಸಿಕೊಂಡು, ಅಡುಗೆಮನೆಗೆ ಚಿಲಕ ಹಾಕಿ ಹೊರಗೆ ಬಂದಳು.

“ಮಂಗಳವಾರ ಬಂತು ಅಂದ್ರೆ ಅತ್ತಿಗೆಗೆ ಮುಖಕ್ಕೆ ಪೌಡರು, ಕೈಗೆ ಗೋಂದು,” ಎಂದಳು ಹಜಾರದಲ್ಲಿ ಕೂತಿದ್ದ ನಾದಿನಿ. “ಆ ಮುದುಕನಿಗೆ ಪ್ರೇಮಪತ್ರ ಅಂಟಿಸ್ತಿದ್ರಾ?”

“ಹೂಂ ಕಣೇ, ಓಡಿಹೋಗೋದೊಂದು ಬಾಕಿ.”

ಮುದುಕನೆಂದರೆ ಬಸ್ಸಿನ ಕೊನೆಯ ಸ್ಟಾಪಿನ ಅಂಗಡಿಯವನು. ಒಂದು ಕಾಲಕ್ಕೆ ‘ನೀಲಿ ಲಾಟೀನು’ ಸಿಗರೇಟಿನ ಫಲಕವಿಲ್ಲದ ಬೀದಿಯೇ ಇರಲಿಲ್ಲ. ಅರವತ್ತು ವರ್ಷ ಮೆರೆದ ಅದನ್ನು ಕಂಪನಿ ಎಂಟು ವರ್ಷದ ಹಿಂದೆ ನಿಲ್ಲಿಸಿತು. ಅಂದೇ ಆಕೆಯ ಗಂಡ ಊಟ ಬಿಟ್ಟ. ಮೂವತ್ತು ವರ್ಷ ಅಲ್ಲಿ ಹೊಗೆಸೊಪ್ಪಿನ ರುಚಿ ನೋಡಿದವನು. ಕಾರ್ಖಾನೆಯವರ ಬಾಯಲ್ಲಿ ‘ನಾಲಿಗೆ ಸಾಹೇಬರು’. ನಾಲ್ಕು ದಿನ ಗೋಡೆಗೆ ಮುಖಮಾಡಿ ಕೂತಿದ್ದ. ಐದನೆಯ ದಿನ ಆಕೆ ಎಲ್ಲಿಂದಲೋ ಒಂದು ಪ್ಯಾಕು ತಂದಳು. ಮುದುಕನ ಹತ್ತಿರ ಹಳೇ ದಾಸ್ತಾನು ಮೂಟೆಗಟ್ಟಲೆ ಇದೆಯಂತೆ, ಆದರೆ ಮಹಾ ಸಿಡುಕನಂತೆ, ಆಕೆಗೆ ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲವಂತೆ. ಅಂದಿನಿಂದ ಪ್ರತಿ ಮಂಗಳವಾರ ಆಕೆ ಬಸ್ಸು ಹತ್ತುತ್ತಿದ್ದಳು.

ಈಗ ಮುದುಕ ಹಾಸಿಗೆ ಹಿಡಿದಿದ್ದ. ಹೋದ ವಾರವಷ್ಟೇ ಗಂಡ ಅವನಿಗೆಂದು ಆಕೆಯ ಕೈಲಿ ಟಾನಿಕ್ ಕಳಿಸಿದ್ದ.

ಆಕೆ ಬಾಗಿಲು ತೆರೆದರೆ ಕಂಪನಿಯ ಅಧಿಕಾರಿ ನಿಂತಿದ್ದ. ಕೂರುವ ಮೊದಲೇ ಗಂಡನ ಮುಂದೆ ಶುರುಮಾಡಿದ. “ಲಾಟೀನು ವಾಪಸ್ ಬರ್ತಿದೆ ಸಾರ್! ಹಳೇ ಮಿಶ್ರಣದ ಪುಸ್ತಕ ಸಿಕ್ತು. ಕೂದಲಷ್ಟೂ ವ್ಯತ್ಯಾಸ ಇಲ್ದಂಗೆ ಮಾಡಿದ್ದೀವಿ. ನಿಮ್ಮ ನಾಲಿಗೆ ಹೂಂ ಅಂದ್ರೆ ಯಂತ್ರ ಶುರು.”

ಗಂಡ ಹೊಸದನ್ನು ಹಚ್ಚಿದ. ಕಣ್ಣು ಮುಚ್ಚಿದ. ಎರಡು ದಮ್ಮು ಎಳೆದ. ಆಕೆ ಕುರ್ಚಿಯ ಬೆನ್ನು ಹಿಡಿದುಕೊಂಡಳು.

“ಯಾರ ಕಿವಿಗೆ ಹೂ ಇಡ್ತೀರಿ?” ಗಂಡ ಗುಡುಗಿದ. “ಇದು ನಕಲಿ!” ಜೇಬಿನಿಂದ ತನ್ನ ಪ್ಯಾಕು ತೆಗೆದ. “ಇದನ್ನ ಎಳೀರಿ. ಲಾಟೀನು ಅಂದ್ರೆ ಇದು. ಕೊನೇ ಸ್ಟಾಪಿನ ಅಂಗಡಿ ಅಜ್ಜನ ಹಳೇ ದಾಸ್ತಾನು, ಇವಳೇ ತರೋದು.”

ಅಧಿಕಾರಿ ಎಳೆದು, ಕೆಮ್ಮಿ, ಕಣ್ಣಲ್ಲಿ ನೀರು ತಂದುಕೊಂಡ. “ಹೌದು ಸಾರ್... ನಮ್ಮ ಪುಸ್ತಕದಲ್ಲೇ ಏನೋ ತಪ್ಪಿರಬೇಕು.” ಆ ಪ್ಯಾಕನ್ನು ಕರವಸ್ತ್ರದಲ್ಲಿ ಮಗುವಿನಂತೆ ಸುತ್ತಿಕೊಂಡ. “ಇನ್ಮೇಲೆ ಇದೇ ನಮ್ಮ ಮಾದರಿ. ಅಮ್ಮಾ, ಆ ಅಂಗಡಿ ಅಜ್ಜನ್ನ ಒಂದ್ಸಲ ನೋಡಬಹುದಾ?”

“ಹೊಸಬರನ್ನ ಕಂಡ್ರೆ ಅವರಿಗಾಗಲ್ಲ.”

“ಈ ತಿಂಗಳು ದಾಟೋದು ಕಷ್ಟವಂತೆ, ಪಾಪ,” ಎಂದು ಗಂಡ ಕಣ್ಣೊರೆಸಿಕೊಂಡ.

ಆಕೆ ಅಡುಗೆಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಬಾಯಿಗೆ ಸೆರಗು ತುರುಕಿಕೊಂಡು, ನಕ್ಕು ನಕ್ಕು, ನೆಲದ ಮೇಲೆ ಕುಸಿದಳು. ಕಟ್ಟೆಯ ಮೇಲೆ, ಬೀದಿಮೂಲೆಯಲ್ಲಿ ಸಿಗುವ ಅತಿ ಅಗ್ಗದ ಸಿಗರೇಟಿನಿಂದ ಬಿಡಿಸಿದ ಹೊಗೆಸೊಪ್ಪು, ಕಿತ್ತಳೆ ಸಿಪ್ಪೆಯ ಪುಡಿ, ಗಂಡ ಎಸೆದ ಖಾಲಿ ಪ್ಯಾಕುಗಳು ಸಾಲಾಗಿದ್ದವು.

ಈ ಗೋಂದಿನ ಕೆಲಸ ಸಾಕಾಗಿ, ಇಲ್ಲದ ಅಂಗಡಿಯ ಇಲ್ಲದ ಮುದುಕನನ್ನು ಈ ತಿಂಗಳ ಕೊನೆಗೆ ಸಾಯಿಸಬೇಕೆಂದಿದ್ದ ಆಕೆ, ಅವನು ಬೇಗ ಚೇತರಿಸಿಕೊಂಡು ನೂರು ವರ್ಷ ಬಾಳಲಿ ಎಂದು ತೀರ್ಮಾನಿಸಿದಳು.