ಬಿಯರ್ ಎತ್ತಿದ ಅತಿಥಿ

ಕೀವ್‌ನಿಂದ ಬಂದಿದ್ದ ಸಂಸದ ಓಸ್ತಾಪ್ ಬಿಯರ್ ಬಾಟಲಿಯನ್ನು ತಲೆಯ ಮೇಲಕ್ಕೆತ್ತಿ, "ಜಾರ್ಜಿಯಾದ ನನ್ನ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ! ನೂರು ವರ್ಷ ಬಾಳಿ!" ಎಂದ. ಪಕ್ಕದಲ್ಲಿ ದುಭಾಷಿಯಾಗಿ ನಿಂತಿದ್ದ ಯಾರಿನಾ ಅದೇ ಹುರುಪಿನಲ್ಲಿ ಅದನ್ನು ಆ ಊರಿನವರ ಭಾಷೆಗೆ ತಿರುಗಿಸಿ ಕೂಗಿಯೂಬಿಟ್ಟಳು. ಕೂಗಿದ ಮೇಲೆ ಅವಳ ಕಣ್ಣು ಅವನ ಕೈಯಲ್ಲಿದ್ದ ಬಾಟಲಿಯ ಮೇಲೆ ಬಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ದ್ರಾಕ್ಷಿ ಚಪ್ಪರದ ಕೆಳಗಿನ ಉದ್ದನೆಯ ಮೇಜಿನ ಸುತ್ತ ಎತ್ತಿದ್ದ ಲೋಟಗಳೆಲ್ಲ ಕೆಳಗಿಳಿದವು. ಬೆಳಗಿನಿಂದ ಅದು ಮದುವೆ ಮನೆಯಂತಿದ್ದ ಅಂಗಳ. ಉಕ್ರೇನಿನ ಬಾವುಟದ ಹಳದಿ-ನೀಲಿ ಬಟ್ಟೆ ಸಾಲದೆಂದು ಮನೆಯೊಡತಿ ಎತೇರಿ ತನ್ನ ಹಳದಿ ಪರದೆಗಳನ್ನೇ ಕಿತ್ತು ಬೇಲಿಗೆ ಕಟ್ಟಿದ್ದಳು. ಅವಳ ತಮ್ಮ ಗೋಚಾ ಕತ್ತೆಯ ಕೊರಳಿಗೂ ಒಂದು ನೀಲಿ ರಿಬ್ಬನ್ ತೊಡಿಸಿದ್ದ. ಈಗ ಅದೇ ಗೋಚಾ ವೈನ್ ಲೋಟವನ್ನು ಕುಕ್ಕಿ ಎದ್ದು ನಿಂತ.

"ಬಿಯರ್ ಎತ್ತಿ ನಮಗೆ ಹಾರೈಸ್ತಾನಾ? ನಾವೇನು ಇವನ ಶತ್ರುಗಳಾ?"

ಬೇಕಾದವರಿಗೆ ವೈನ್ ಎತ್ತಿ ಹಾರೈಸಬೇಕು, ಬಿಯರ್ ಎತ್ತುವುದು ಆಗದವರಿಗೆ; ಆ ಸೀಮೆಯಲ್ಲಿ ಹಸುಗೂಸಿಗೂ ಇದು ಗೊತ್ತು. ಎರಡು ವರ್ಷದಿಂದ ಆ ಮನೆಯಲ್ಲೇ ಉಂಡು ಮಲಗುತ್ತಿದ್ದ ಯಾರಿನಾಗೂ ಗೊತ್ತು. ಉಕ್ರೇನಿನ ನದಿದಂಡೆಯ ತನ್ನೂರಿನಲ್ಲಿ ಬಾಂಬಿಗೆ ಮನೆ ಉರುಳಿ, ಒಂದು ಚೀಲ ಹಿಡಿದುಕೊಂಡು ಬಂದವಳಿಗೆ ಎತೇರಿ ಒಳಕೋಣೆ ಬಿಟ್ಟುಕೊಟ್ಟು ತಾನು ಅಡುಗೆಮನೆಯಲ್ಲಿ ಮಲಗಿದ್ದಳು. "ನಮ್ಮವರನ್ನು ಸಾಕಿದ ಊರಿಗೆ ಕೃತಜ್ಞತೆ ಹೇಳೋಕೆ ನಮ್ಮ ಸಂಸದರೇ ಬರ್ತಾರೆ" ಎಂದು ಮನೆಮನೆಗೂ ಹೇಳಿಕೊಂಡು ಬಂದವಳು ಯಾರಿನಾ. ಓಸ್ತಾಪ್ ಸೇರಿ ಬಂದ ನಾಲ್ವರು ಅತಿಥಿಗಳಿಗೂ ಎಲ್ಲ ಹೇಳಿಕೊಟ್ಟಿದ್ದಳು: ಬಡಿಸಿದ್ದನ್ನು ಬೇಡ ಅನ್ನಬೇಡಿ, ಕೊಂಬಿನ ಲೋಟದಲ್ಲಿ ಕೊಟ್ಟ ವೈನನ್ನು ಮುಗಿಸದೆ ಇಳಿಸಬೇಡಿ. ಬಿಯರ್ ಒಂದು ಮರೆತಿತ್ತು. ಅನ್ನ ಹಾಕಿದ ಮನೆಗೆ ಎಂಥ ಉಡುಗೊರೆ ಕೊಟ್ಟೆನಪ್ಪಾ ಎಂದು ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ಏನಾಯ್ತಮ್ಮ?" ಓಸ್ತಾಪ್ ಪಿಸುಗುಟ್ಟಿದ. ಬಾಟಲಿ ಇನ್ನೂ ತಲೆಯ ಮೇಲೇ ಇತ್ತು.

"ಇಲ್ಲಿ ಬಿಯರ್ ಎತ್ತೋದು ಶತ್ರುಗಳಿಗೆ ಸಾರ್!"

ಓಸ್ತಾಪನ ಮುಖ ಸುಣ್ಣವಾಯಿತು. "ಅಯ್ಯೋ, ಇದು ನಿಮ್ಮೂರಿಂದೇ ಕಣಮ್ಮ. ಬಿಯರ್ ಕಾರ್ಖಾನೆ ಮೇಲೆ ಕ್ಷಿಪಣಿ ಬಿತ್ತಲ್ಲ, ಅದಕ್ಕೆ ಮೊದಲು ತುಂಬಿದ್ದು. ಇದೇ ಕೊನೇ ಪೆಟ್ಟಿಗೆ. ಇದಕ್ಕಿಂತ ದೊಡ್ಡದು ಏನು ಕೊಡಲಿ ಅಂತ ಮಗು ಥರ ತೊಡೆ ಮೇಲಿಟ್ಕೊಂಡು ತಂದೆ."

ಅದನ್ನೂ ಯಾರಿನಾ ಗಟ್ಟಿಯಾಗಿ ತಿರುಗಿಸಿ ಹೇಳಿದಳು. ಗೋಚಾ ತಲೆ ಕೆರೆದುಕೊಂಡ. ಈಗ ಬಿಯರ್ ಕುಡಿದರೆ ಮನೆಯವರಿಗೆ ಅವಮಾನ, ಇಳಿಸಿದರೆ ಸುಟ್ಟುಹೋದ ಊರಿಗೆ ಅವಮಾನ. ಎಲ್ಲರೂ ಮೇಜಿನ ತುದಿಯಲ್ಲಿದ್ದ ಜುಂಬೇರ್ ಮಾವನ ಕಡೆ ತಿರುಗಿದರು. ಅವನು ಆ ಔತಣದ ತಮಾದಾ. ಯಾರಿಗೆ ಹಾರೈಸಬೇಕು, ಯಾವಾಗ ಕುಡಿಯಬೇಕು ಎಂಬುದೆಲ್ಲ ಅವನ ಮಾತಿನಂತೆಯೇ. ನಿವೃತ್ತ ಬಸ್ ಡ್ರೈವರ್. ಬಸ್ಸನ್ನು ಹಳ್ಳಕ್ಕೆ ಇಳಿಸಿದ್ದುಂಟು, ಔತಣವನ್ನು ಇಳಿಸಿದ್ದಿಲ್ಲ ಎಂಬುದು ಅವನ ಜಂಬ.

ಜುಂಬೇರ್ ಮಾವ ಬದನೆಕಾಯಿಯ ಕೊನೆಯ ತುಂಡನ್ನು ನಿಧಾನವಾಗಿ ನುಂಗಿ ಮೀಸೆ ಒರೆಸಿಕೊಂಡ.

"ಗೋಚಾ, ನಿನ್ನ ಸೇಬಿನ ತೋಟ ಎಲ್ಲಿದೆಯೋ?"

"ಗೊತ್ತಿದ್ದೂ ಕೇಳ್ತೀಯಲ್ಲ ಮಾವ. ಮುಳ್ಳುತಂತಿ ಆಚೆ."

"ತಂತಿ ಎಳೆದೋರು ಯಾರು?"

ಗೋಚಾ ಎದುರಿನ ಗುಡ್ಡದ ಕಡೆ ಗಲ್ಲ ಎತ್ತಿ ತೋರಿಸಿದ. ಅಲ್ಲಿ, ಜಾರ್ಜಿಯಾದ ಆ ಭಾಗವನ್ನು ಹಿಡಿದುಕೊಂಡು ಕೂತಿದ್ದ ರಷ್ಯಾ ಸೈನ್ಯದ ಕಾವಲು ಗೋಪುರವಿತ್ತು.

"ಈ ಹುಡುಗಿ ಮನೆ ಕೆಡವಿದೋರು?"

"ಅವರೇ."

"ಮತ್ತೆ ಅತಿಥಿ ಸರಿಯಾದ್ದನ್ನೇ ತಂದಿದಾರಲ್ಲೋ ಮಂಕೇ! ತಿರುಗಿದ ದಿಕ್ಕು ಮಾತ್ರ ತಪ್ಪು. ಯಾರಿನಾ, ನಿಮ್ಮ ಸಾಹೇಬರನ್ನ ಒಂಚೂರು ಆ ಕಡೆ ತಿರುಗಿಸು!"

ಚಪ್ಪರ ಹಾರಿಹೋಗುವಂತೆ ಎಲ್ಲರೂ ನಕ್ಕರು. ಓಸ್ತಾಪನನ್ನು ಗೋಚಾನೇ ಹೆಗಲು ಹಿಡಿದು ಗುಡ್ಡದ ಕಡೆ ತಿರುಗಿಸಿ, ಕೆನ್ನೆಗೆ ಲೊಚಕ್ಕನೆ ಮುತ್ತಿಟ್ಟ. ಆಮೇಲೆ ಹಲ್ಲಿನಲ್ಲೇ ಮುಚ್ಚಳ ಕಿತ್ತು ಬಾಟಲಿ ಹಂಚತೊಡಗಿದ. ಸಿಗದವರಿಗೆ ಲೋಟದಲ್ಲಿ ಒಂದೊಂದು ಗುಟುಕು. ಯಾರಿನಾಳ ಕಣ್ಣಿನಿಂದ ನೀರು ಸುರಿಯುತ್ತಿತ್ತು.

"ನಗಬೇಕಾದಾಗ ಯಾಕೆ ಅಳ್ತೀಯೆ, ಹುಚ್ಚಿ?" ಎತೇರಿ ಸೆರಗಿಲ್ಲದ್ದಕ್ಕೆ ಮೇಜಿನ ಬಟ್ಟೆಯಲ್ಲೇ ಅವಳ ಮುಖ ಒರೆಸಿದಳು.

"ನಗ್ತಾನೇ ಇದೀನಿ ಅಕ್ಕ!" ಎಂದಳು ಯಾರಿನಾ, ಮತ್ತು ಅದು ಸುಳ್ಳಾಗಿರಲಿಲ್ಲ.

ಊರಿಗೆ ಊರೇ ಎದ್ದು ಗುಡ್ಡದ ಕಡೆ ಮುಖ ಮಾಡಿತು. ಜುಂಬೇರ್ ಮಾವ ಬಾಟಲಿ ಎತ್ತಿ, ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುತ್ತಿದ್ದ ಗಂಟಲಿನಲ್ಲಿ ಕೂಗಿದ: "ನಮ್ಮ ಶತ್ರುಗಳಿಗೆ! ಒಬ್ಬೊಬ್ಬನೂ ಇವತ್ತೇ ತನ್ನ ಮನೆ ಸೇರಲಿ! ಅಮ್ಮನ ಕೈಯ ಬಿಸಿ ಸಾರು ಉಣ್ಣಲಿ! ಆಯಸ್ಸು ಪೂರ್ತಿ ಮತ್ತೆ ಹೊಸಿಲು ದಾಟದೇ ಇರಲಿ!"

"ಹಾಗೇ ಆಗಲಿ!" ಎಂದು ಎಲ್ಲರೂ ಬಿಯರ್ ಎತ್ತಿದರು.

ಗೋಪುರದ ಮೇಲೆ ಕಾವಲಿನವನು ದುರ್ಬೀನು ಹಿಡಿದು ನೋಡುತ್ತಿದ್ದ. ಇಡೀ ಔತಣವೇ ಎದ್ದು ನಿಂತು ತನ್ನತ್ತ ಬಾಟಲಿ ಎತ್ತಿದ್ದು ಅವನಿಗೆ ಕಂಡಿರಬೇಕು. ದುರ್ಬೀನು ಇಳಿಸಿದ. ತನ್ನವರು ಯಾರಾದರೂ ನೋಡುತ್ತಿದ್ದಾರೋ ಎಂದು ಒಮ್ಮೆ ಹಿಂದೆ ತಿರುಗಿದ. ಆಮೇಲೆ ಮೆಲ್ಲಗೆ ಕೈ ಎತ್ತಿ ಬೀಸಿದ.

ಅಂಗಳದಲ್ಲಿದ್ದವರೆಲ್ಲ ಮತ್ತೆ ತಮಾದಾನ ಕಡೆ ತಿರುಗಿದರು.

"ನೋಡ್ರೋ," ಎಂದ ಜುಂಬೇರ್ ಮಾವ, "ಅವನಿಗೂ ಮನೆಗೆ ಹೋಗ್ಬೇಕಂತೆ."